ಒಬ್ಬರಿಗೆ ಸಾಕಾಗುವಷ್ಟು

ಹೋದ ತಿಂಗಳು ಮುಂಬೈ ಪಕ್ಕದ ಠಾಣೆಯಲ್ಲಿ, ಮಾಜಿವಾಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಡುಗೆಮನೆಯ ನಲ್ಲಿಗೆ ಬಿಳಿ ಬಟ್ಟೆಯ ಒಂದು ಗಂಟು ತೂಗುಹಾಕಿತ್ತು. ಅದರಿಂದ ಮೊಸರಿನ ನೀರು ತೊಟ್ಟಿಕ್ಕುತ್ತಿತ್ತು. ಸಿಂಕಿನ ಸುತ್ತ ತೆಳುವಾದ ಹುಳಿ ವಾಸನೆ... ಏನಿದು ಎಂದು ಕೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲಿ. "ಪ್ರೋಟೀನ್ ಕೆ ಲಿಯೇ, ಮಮ್ಮಿ. ಖಜೂರ್ ಡಾಲ್ ಕೆ ಸ್ವೀಟ್ ಬನೇಗಾ. ಶುಗರ್ ಬಿಲ್ಕುಲ್ ನಹೀ." ಮೊಸರಿಗೆ ಖರ್ಜೂರ ಹಾಕಿ ಸಕ್ಕರೆಯಿಲ್ಲದ ಸಿಹಿ ಮಾಡುವುದನ್ನು ಫೋನಿನಲ್ಲಿ ನೋಡಿ ಕಲಿತಳಂತೆ.

ನಾನು ಅಲ್ಲೇ ನಿಂತುಬಿಟ್ಟೆ. ಅವಳಿಗೆ ನೆನಪಿಲ್ಲ. ಆದರೆ ಅವಳು ಸಣ್ಣವಳಿದ್ದಾಗ ಡೊಂಬಿವಲಿಯ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಅದೇ ಸಿಹಿಯನ್ನು ಎಷ್ಟೋ ಸಲ ತಿಂದಿದ್ದಾಳೆ. ಮಾಡುತ್ತಿದ್ದವರು ಎದುರು ಮನೆಯ ಕಾಕಾ.

ಕಾಕಾ ನಮಗೆ ಸಂಬಂಧಿಕರಲ್ಲ. ಅವರು ಉಡುಪಿ ಕಡೆಯವರು, ನಾವು ಗದಗಿನವರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮ್ಮ ಕಡೆಯೂ ಅದೇ ಮಾತು, ಮರಾಠಿಯಲ್ಲೂ ಅದೇ ಮಾತು. ಹಾಗಾಗಿ ಇಡೀ ಬಿಲ್ಡಿಂಗಿಗೆ ಅವರು ಕಾಕಾ, ಕಾಕು. ಮೊದಮೊದಲು ಕಾಕಾಗೆ ಅದು ಸೇರುತ್ತಿರಲಿಲ್ಲ. "ನಮ್ಮೂರಲ್ಲಿ ಪಿಂಡ ಇಟ್ಟು ಕಾ ಕಾ ಅಂತ ಕರೆಯುದು ಕಾಗೆಯನ್ನು, ಮಾರಾಯ್ತಿ. ನಾನಿನ್ನೂ ಬದುಕಿದ್ದೇನೆ," ಎನ್ನುತ್ತಿದ್ದರು. ಆಮೇಲೆ ರೂಢಿಯಾಯಿತು.

ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಮುಖ್ಯ ಅಡುಗೆಯವರಾಗಿದ್ದರು. ಸುತ್ತಲೂ ಕಾರ್ಖಾನೆಗಳು. ಒಂದು ಪಾಳಿ ಬಿಟ್ಟು ಇನ್ನೊಂದು ಪಾಳಿ ಕೂಡುವ ಹೊತ್ತಿಗೆ ನೂರಾರು ಜನ ಒಮ್ಮೆಗೇ ಒಳಗೆ ನುಗ್ಗುತ್ತಿದ್ದರಂತೆ. ಅಷ್ಟು ಜನಕ್ಕೂ ಇವರ ಕೈಯ ಸಾಂಬಾರು, ಇವರ ಕೈಯ ಉಪ್ಪಿಟ್ಟು. ಅಳತೆಗೆ ಲೋಟವಿಲ್ಲ, ಚಮಚವಿಲ್ಲ. ಮುಷ್ಟಿಯೇ ಅಳತೆ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಗೆ ಹೋಟೆಲಿನ ಧಣಿಯೂ ಬಾಗಿಲು ಹಾಕಿದರು. ಕಾಕಾ ಮನೆಗೆ ಬಂದು ಕೂತರು.

ಕೂತರು ಎಂದರೆ ನಿಜವಾಗಿಯೂ ಕೂತರು. ಮನೆಯಲ್ಲಿ ಒಲೆಯ ಹತ್ತಿರ ಹೋದವರಲ್ಲ. "ಲೋಕಕ್ಕೆಲ್ಲ ಬಡಿಸಿದ್ದಾರೆ. ನನಗೆ ಒಂದು ಲೋಟ ಕಾಫಿ ಮಾಡಿಕೊಟ್ಟದ್ದುಂಟಾ ಕೇಳಿ," ಎಂದು ಕಾಕು ನಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೇ ಇದ್ದಾಗ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಬಾಗಿಲವರೆಗೂ ಆ ಗುನುಗು ಸದಾ ಕೇಳಿಸುತ್ತಿತ್ತು.

ಏನೂ ಆಗದೆ ಇದ್ದ ಕೊನೆಯ ದಿನ ಒಂದು ಭಾನುವಾರ. ಕಾಕು ಪ್ಯಾಸೇಜಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಎದುರಿಗೇ ಮಗಳ ತಲೆ ಬಾಚುತ್ತಿದ್ದೆ. ಹೊಟ್ಟೆಯಲ್ಲಿ ಏನೋ ಹಿಡಿದುಕೊಂಡ ಹಾಗಾಗುತ್ತದೆ ಎಂದು ಕಾಕು ಅಂದರು. ಹಿಂದಿನ ದಿನದ ಸಾಬುದಾಣೆ ವಡೆಯ ಮೇಲೆ ಇಬ್ಬರೂ ಸೇರಿ ತಪ್ಪು ಹೊರಿಸಿದೆವು. ಒಳಗಿನಿಂದ ಕಾಕಾನ ಗೊರಕೆ ಕೇಳುತ್ತಿತ್ತು. "ಹೋಟೆಲಿನ ಗ್ರೈಂಡರ್ ಈಗ ನಮ್ಮ ಮನೆಯಲ್ಲೇ ಉಂಟು," ಎಂದು ಕಾಕು ಅಂದದ್ದಕ್ಕೆ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಅಷ್ಟೇ. ಆ ದಿನದಲ್ಲಿ ಬೇರೇನೂ ಇರಲಿಲ್ಲ.

ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಆ ವಾರವೇ ಗೊತ್ತಾಯಿತು. ಠಾಣೆಯ ಡಾಕ್ಟರು ಹೇಳಿದ್ದನ್ನು ಕಾಕಾ ಪ್ಯಾಸೇಜಿನಲ್ಲಿ ನಿಂತು ನನಗೆ ಹೇಳಿದರು. ಗಡ್ಡೆ ತೆಗೆಯಲೇಬೇಕು. ಆದರೆ ಈಗ ತೆಗೆದರೆ ಈ ಮೈ ತಡೆಯುವುದಿಲ್ಲ. ಕಾಕು ಅಷ್ಟು ಸೋತಿದ್ದರು, ಎಷ್ಟೋ ತಿಂಗಳಿಂದ ಇಳಿಯುತ್ತಿದ್ದದ್ದನ್ನು ನಾವೇ ಗಮನಿಸಿರಲಿಲ್ಲ. ಮೊದಲು ಒಂದಷ್ಟು ತೂಕ ಬರಬೇಕು. ಎಣ್ಣೆ ಬೇಡ, ಸಕ್ಕರೆ ಕಡಿಮೆ, ಪ್ರೋಟೀನು ಜಾಸ್ತಿ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹತ್ತಾರು ಸಲವಾದರೂ ಸರಿ, ತಿನ್ನಿಸಬೇಕು. ತಿಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ.

ಮೊಟ್ಟೆ ಕೊಡಿ ಎಂದಿದ್ದರಂತೆ. ಕಾಕು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕಿ ಕೊಟ್ಟರೆ ಕುಡಿದಷ್ಟೂ ವಾಂತಿ. ನಾನು ಹೇಳಿದೆ, "ಕಾಕಾ, ನಾ ಮಾಡಿ ಕೊಡ್ತೀನ್ರಿ. ನಮ್ಮನ್ಯಾಗ ಹೆಂಗೂ ಅಡಿಗಿ ಆಗತೈತಿ." ಅವರು ತಲೆಯಾಡಿಸಿದರು. "ಬೇಡ ಮಾರಾಯ್ತಿ. ಇದೊಂದು ನಾನೇ ಮಾಡ್ತೇನೆ."

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಾಕಾ ಒಂದು ದೊಡ್ಡ ಪಾತ್ರೆಯನ್ನು ಸೊಂಟಕ್ಕಾನಿಸಿಕೊಂಡು ನಿಂತಿದ್ದಾರೆ. ಮೊಳಕೆ ಬಂದ ಹೆಸರುಕಾಳನ್ನು ಅರೆದು, ಎಣ್ಣೆ ಸೋಕಿಸದೆ ಹಬೆಯಲ್ಲಿ ಬೇಯಿಸಿದ ಉಂಡೆಗಳು. ಪಾತ್ರೆಯ ತುಂಬ.

"ಇದೇನ್ರಿ ಕಾಕಾ, ಮನೀ ಅಡಿಗಿನೋ, ಮದವಿ ಅಡಿಗಿನೋ?"

"ಸ್ವಲ್ಪವೇ ಮಾಡಿದ್ದು," ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯವಿತ್ತು.

ಅಂದಿನಿಂದ ಬಿಲ್ಡಿಂಗಿಗೆಲ್ಲ ಪ್ರೋಟೀನು. ಕಾಕಾಗೆ ಕಡಿಮೆ ಮಾಡಲು ಬರುತ್ತಿರಲಿಲ್ಲ. ಹುರಿಗಡಲೆ ಮತ್ತು ಖರ್ಜೂರ ಸೇರಿಸಿ ಕಟ್ಟಿದ ಉಂಡೆ, ಶೇಂಗಾ ಅರೆದು ಹುಯ್ದ ದೋಸೆ, ಕಡಲೆಕಾಳಿನ ಉಸಳಿ. ಏನು ಮಾಡಿದರೂ ಮೂರು ಮಹಡಿಗೆ ಸಾಲುತ್ತಿತ್ತು. ಹಾಲು ಒಡೆದರೆ ಹೋಟೆಲಿನಲ್ಲಿ ಆ ದಿನ ಎಲ್ಲರ ಮುಖವೂ ಒಡೆಯುತ್ತಿತ್ತಂತೆ. ಈಗ ತಾವೇ ಕಾಯಿಸಿದ ಹಾಲಿಗೆ ನಿಂಬೆಹಣ್ಣು ಹಿಂಡಬೇಕು. ಮುಖ ಆ ಕಡೆ ತಿರುಗಿಸಿಕೊಂಡು ಹಿಂಡುತ್ತಿದ್ದರು. ಹಾಗೆ ಒಡೆದದ್ದಕ್ಕೆ ಏಲಕ್ಕಿ ಹಾಕಿ ನಾದಿ ಸಣ್ಣ ಬಿಲ್ಲೆ ಮಾಡುತ್ತಿದ್ದರು. ಮೊಸರನ್ನು ತಮ್ಮ ಒಗೆದ ಪಂಚೆಯಲ್ಲಿ ಕಟ್ಟಿ ಕಿಟಕಿಯ ಗ್ರಿಲ್ಲಿಗೆ ತೂಗುಹಾಕುತ್ತಿದ್ದರು. ಅದು ಎಳೆ ಕುಂಬಳಕಾಯಿಯಷ್ಟು ದಪ್ಪ ಇರುತ್ತಿತ್ತು. ಅದರ ನೀರು ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕಿ, ಸೊಸೈಟಿಯ ಸೆಕ್ರೆಟರಿ ಮೇಲೆ ಹತ್ತಿ ಬಂದರು. "ಕಾಕಾ, ಹೇ ಕಾಯ್ ಟಪಕ್ತಯ್?" ಎಂದು ರೇಗಿದರು. ಏನು ತೊಟ್ಟಿಕ್ಕುತ್ತಿದೆ ಎಂದು ಕಾಕಾ ಹೇಳಲಿಲ್ಲ. ಖರ್ಜೂರ ಬೆರೆಸಿದ ಅದೇ ಮೊಸರನ್ನು ಒಂದು ಬಟ್ಟಲಲ್ಲಿ ಕೊಟ್ಟರು. ಸೆಕ್ರೆಟರಿ ಬಟ್ಟಲು ಖಾಲಿ ಮಾಡಿ, ಇನ್ನು ಮೇಲೆ ಕೆಳಗೊಂದು ಬಕೀಟು ಕಟ್ಟಿ ಎಂದು ಹೇಳಿ ಇಳಿದುಹೋದರು.

ನಮಗೆಲ್ಲ ಅದು ತಮಾಷೆ. ಆದರೆ ಕಾಕು ತಿನ್ನುತ್ತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟು "ಯಾವು, ಯಾವು" ಎನ್ನುತ್ತಿದ್ದರು. ಸಾಕು, ಸಾಕು ಎಂದು. ನನಗೆ ಬಂದ ಮೊದಲ ತುಳು ಮಾತು ಅದೇ.

ಒಂದು ಮಧ್ಯಾಹ್ನ ನಾನು ಅವರ ಕಾಲು ಒತ್ತುತ್ತಾ ಕೂತಿದ್ದೆ. ಮೆಲ್ಲಗೆ ಹೇಳಿದರು. "ರುಚಿ ಇಲ್ಲ ಅಂತಲ್ಲ ಮಗಾ. ಆ ಪಾತ್ರೆ ನೋಡಿದ ಕೂಡಲೇ ನನಗೆ ಹೊಟ್ಟೆ ತುಂಬ್ತದೆ. ಯಾರದ್ದೋ ಮದುವೆಗೆ ಹೋಗಿ ಕೂತ ಹಾಗೆ ಆಗ್ತದೆ. ನನಗೆ ಅಂತ ಮಾಡಿದ್ದು ಅನ್ನಿಸುದೇ ಇಲ್ಲ." ಆಮೇಲೆ, "ಅವರಿಗೆ ಹೇಳಬೇಡ. ಪಾಪ, ಇಷ್ಟು ವರ್ಷಕ್ಕೆ ಮೊದಲ ಸಲ ಮಾಡ್ತಿದ್ದಾರೆ," ಎಂದರು.

ಹೇಳಬೇಕಾಗಲಿಲ್ಲ. ಕಾಕಾ ಅಡುಗೆಮನೆಯಲ್ಲೇ ಇದ್ದರು. ಕೇಳಿಸಿಕೊಂಡಿದ್ದರು. ಆ ಸಂಜೆ ನಮ್ಮ ಮನೆಗೆ ಬಂದು ಒಗ್ಗರಣೆ ಸೌಟು ಕೇಳಿದರು. ಅವರ ಮನೆಯಲ್ಲಿದ್ದದ್ದು ಹೋಟೆಲಿನಿಂದ ತಂದದ್ದು, ಅದರಲ್ಲೇ ನಾಲ್ಕು ಜನಕ್ಕೆ ಅಡುಗೆ ಮಾಡಬಹುದಿತ್ತು.

ಆಮೇಲಿನ ದಿನಗಳಲ್ಲಿ ಅವರನ್ನು ನೋಡುವುದೇ ಒಂದು ಕಷ್ಟ. ಅಷ್ಟು ದೊಡ್ಡ ಕೈಯಲ್ಲಿ ಅಷ್ಟು ಸಣ್ಣ ಸೌಟು. ಅದರಲ್ಲಿ ಒಂದೇ ಒಂದು ಉಂಡೆ. "ಹಿಟ್ಟು ಕಮ್ಮಿಯಾದರೆ ನನ್ನ ಕೈಗೆ ಬುದ್ಧಿ ಬರುದಿಲ್ಲ," ಎನ್ನುತ್ತಿದ್ದರು. ಒಂದು ದಿನ ಉಪ್ಪು ಮುಷ್ಟಿಯಿಂದ ಬಿತ್ತು. "ಇಡೀ ಹೋಟೆಲಿನ ಉಪ್ಪು ನನ್ನ ಬಟ್ಟಲಿಗೇ ಬಂತಾ?" ಎಂದು ಕಾಕು ಬಹಳ ದಿನಗಳ ಮೇಲೆ ನಕ್ಕರು. ಇನ್ನೊಂದು ದಿನ ಸೌಟೇ ಸೀದುಹೋಯಿತು. ಮತ್ತೆ ಮಾಡಿದರು. ಮುಷ್ಟಿ ಬಿಟ್ಟು ಎರಡು ಬೆರಳಿಗೆ ಬಂದರು.

ನಮ್ಮ ಮನೆಗೆ ಬರುತ್ತಿದ್ದ ಪಾತ್ರೆ ತಟ್ಟೆಯಾಯಿತು. ತಟ್ಟೆ ಬಟ್ಟಲಾಯಿತು. ಬಟ್ಟಲಿನಲ್ಲಿ ಎರಡು ತುಂಡು, ಒಂದು ತುಂಡು... ಒಂದು ದಿನ ಏನೂ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಯಾಕ, ಇವತ್ತ ಕಾಕಾನ ಪ್ರೋಟೀನ್ ಬಂದಿಲ್ಲೇನು?" ಎಂದರು. ಇಲ್ಲ ಎಂದೆ. ಹೇಳಿದ ಮೇಲೆ ನನಗೆ ಹೊಳೆಯಿತು. ಮಿಕ್ಕಿಲ್ಲ. ಕಾಕು ತಿಂದಿದ್ದಾರೆ. ನನ್ನ ಗಂಡನಿಗೂ ಅದೇ ಕ್ಷಣಕ್ಕೆ ಹೊಳೆದಿರಬೇಕು. ತುತ್ತು ಕೈಯಲ್ಲೇ ಹಿಡಿದು ಎದುರು ಬಾಗಿಲ ಕಡೆ ನೋಡಿದರು.

ಕಾಕುಗೆ ತೂಕ ಬಂತು. ಆಪರೇಷನ್ ಆಯಿತು. ಮನೆಗೆ ಬಂದರು. ಆಮೇಲೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಅವರು ನಮ್ಮ ನಡುವೆ ಇದ್ದರು. ಟಿಟ್ವಾಳಾದ ಗಣಪತಿಗೆ ಇಬ್ಬರೂ ಲೋಕಲ್ ರೈಲಿನಲ್ಲೇ ಹೋಗಿಬಂದರು. ಆಗೆಲ್ಲ ಕಾಕಾ ದಿನಕ್ಕೊಂದು ಸಣ್ಣ ಬಟ್ಟಲು ಹೆಸರುಬೇಳೆ ಪಾಯಸ ಮಾಡುತ್ತಿದ್ದರು. ಬೇಳೆಯೇ ಹೆಚ್ಚು. ಕಾಯಿಹಾಲು ಇಲ್ಲ, ಕೆನೆ ತೆಗೆದ ಹಾಲು. ಬೆಲ್ಲ ಎರಡು ಬೆರಳಲ್ಲಿ ಹಿಡಿದಷ್ಟೇ. ಕಾಕು ಕಿಟಕಿಯ ಹತ್ತಿರ ಕೂತು ಅದನ್ನು ನಿಧಾನವಾಗಿ ತಿನ್ನುತ್ತಿದ್ದರು. ಕಾಕಾ ಎದುರಿಗೆ ಕೂತು ಪೇಪರು ಓದುವ ಹಾಗೆ ಮಾಡುತ್ತಿದ್ದರು. ಬಟ್ಟಲು ಖಾಲಿಯಾದ ಮೇಲೆಯೇ ಪುಟ ತಿರುಗುತ್ತಿದ್ದದ್ದು.

ಮತ್ತೆ ಒಂದು ಸಂಜೆ ನಮ್ಮ ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಆ ಸಣ್ಣ ಬಟ್ಟಲು, ಅಂಚಿನವರೆಗೂ ಹಾಗೇ ಇತ್ತು. "ನೀನು ತಿನ್ನು. ಅವಳು ನಾಳೆ ತಿಂತಾಳಂತೆ," ಎಂದರು. ಮರುದಿನವೂ ಬಂದರು. ಅದರ ಮರುದಿನವೂ... ನಾನು ತಿಂದು, ತೊಳೆದು, ಬಟ್ಟಲು ಖಾಲಿ ಕೊಡಬಾರದೆಂದು ಒಂದು ಹಣ್ಣೋ, ನಾಲ್ಕು ಕಲ್ಲುಸಕ್ಕರೆಯೋ ಹಾಕಿ ಕೊಡುತ್ತಿದ್ದೆ. ಗಡ್ಡೆ ಮತ್ತೆ ಬಂದಿತ್ತು, ಈ ಸಲ ಡಾಕ್ಟರು ಏನನ್ನೂ ತಿನ್ನಿಸಿ ಎಂದು ಹೇಳಿರಲಿಲ್ಲ.

ಕಾಕು ಹೋದ ಹದಿಮೂರನೆಯ ದಿನ ಬಿಲ್ಡಿಂಗಿನ ಟೆರೇಸಿನ ಮೇಲೆ ಊಟ. ಊರಿನಿಂದ ನೆಂಟರು ಬಂದಿದ್ದರು. ಕಾಕಾನ ಜೊತೆ ಹೋಟೆಲಿನಲ್ಲಿ ಕೆಲಸ ಮಾಡಿದವರು ಬಂದಿದ್ದರು, ಹಳೆಯ ಧಣಿಯೂ ಬಂದಿದ್ದರು. ಅಡುಗೆಗೆ ಬೇರೆ ಜನರಿದ್ದರು. ಆದರೆ ಪಾಯಸ ಮಾತ್ರ ತಾನೇ ಮಾಡುವುದು ಎಂದು ಕಾಕಾ ಹಟ ಹಿಡಿದರು. "ಇವತ್ತೊಂದು ದಿನ ನೀವು ಸುಮ್ಮನೆ ಕೂತುಕೊಳ್ಳಿ," ಎಂದು ನೆಂಟರೊಬ್ಬರು ಹೇಳಿದರು. ಕೇಳಲಿಲ್ಲ. ಧಣಿ, "ಮಾಡಲಿ ಬಿಡಿ. ಭಟ್ರ ಪಾಯಸ ತಿನ್ನದೆ ಎಷ್ಟು ವರ್ಷ ಆಯ್ತು," ಎಂದರು.

ದೊಡ್ಡ ಪಾತ್ರೆಯಲ್ಲಿ ಹೆಸರುಬೇಳೆ ಬೇಯುತ್ತಿತ್ತು. ಕಾಕಾ ಉದ್ದನೆಯ ಸೌಟು ಹಿಡಿದು ನಿಂತಿದ್ದರು. ಎಷ್ಟೋ ವರ್ಷ ನಿಂತ ಹಾಗೆಯೇ. ಪಕ್ಕದಲ್ಲಿ ಕುಟ್ಟಿದ ಬೆಲ್ಲದ ರಾಶಿ ಇತ್ತು. ಅವರು ಅದರಿಂದ ಎರಡು ಬೆರಳಲ್ಲಿ ಹಿಡಿದಷ್ಟು ತೆಗೆದು ಪಾತ್ರೆಗೆ ಹಾಕಿದರು. ಸ್ವಲ್ಪ ತಡೆದು, ಇನ್ನೊಂದು ಚಿಟಿಕೆ ಹಾಕಿದರು. ಸೌಟು ಆಡಿಸಿದರು. ಒಲೆ ಆರಿಸಿದರು.

ನಾನು ನೋಡುತ್ತಿದ್ದೆ. ಹಳೆಯ ಅಡುಗೆಯವರೊಬ್ಬರು ಬೆಲ್ಲದ ತಟ್ಟೆ ಎತ್ತಿಕೊಂಡು ಮುಂದೆ ಬಂದರು. ಧಣಿ ಅವರ ಮೊಣಕೈ ಹಿಡಿದು ನಿಲ್ಲಿಸಿದರು.

ಎಲೆಯ ಮೇಲೆ ಪಾಯಸ ಬಡಿಸಿದರು. ಬರೀ ಬೇಳೆ, ಬರೀ ಹಾಲು. ಅಷ್ಟು ಜನರಲ್ಲಿ ಯಾರೂ ತಲೆ ಎತ್ತಲಿಲ್ಲ. ನನ್ನ ಗಂಡನಿಗೆ ಚಹಾಕ್ಕೂ ಮೂರು ಚಮಚ ಸಕ್ಕರೆ ಬೇಕು. ಅವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಅವರನ್ನು ನೋಡಿ ಪಕ್ಕದವರೂ ಹಾಕಿಸಿಕೊಂಡರು. ಧಣಿ ಕೈ ನೆಕ್ಕಿ, "ಒಳ್ಳೇದಾಗಿದೆ ಭಟ್ರೇ," ಎಂದರು.

ಕೊನೆಯ ಪಂಕ್ತಿಯಲ್ಲಿ ಕಾಕಾ ಕೂತರು. ನಾನೇ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಅವಳಿಗೆ ಇಷ್ಟೇ ಸಾಕಾಗ್ತಿತ್ತು."

ಕೆಲವು ತಿಂಗಳಲ್ಲಿ ಅವರ ತಮ್ಮನ ಮಗ ಬಂದು ಅವರನ್ನು ನವಿ ಮುಂಬೈಗೆ ಕರೆದುಕೊಂಡು ಹೋದ. ಎದುರಿನ ಮನೆ ಮಾರಿದರು. ಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಆಮೇಲೆ ಅವರಿಗೆ ಕಿವಿ ಮಂದವಾಯಿತು, ಆಮೇಲೆ ಆ ನಂಬರಿನಲ್ಲಿ ಯಾರೂ ಸಿಗಲಿಲ್ಲ.

ಮಗಳ ಮನೆಯಿಂದ ಬಂದ ಮೇಲೆ ಅವರ ನೆಂಟರೊಬ್ಬರನ್ನು ಹುಡುಕಿ ವಿಚಾರಿಸಿದೆ. ಕಾಕಾ ಹೋಗಿ ನಾಲ್ಕು ವರ್ಷವಾಯಿತಂತೆ. ಹದಿಮೂರನೆಯ ದಿನದ ಊಟ ಊರಿನಲ್ಲೇ ಮಾಡಿದರಂತೆ. ಪಾಯಸ ಯಾರು ಮಾಡಿದರು, ಯಾರು ಬಡಿಸಿದರು, ಕೇಳಬೇಕೆನಿಸಿತು. ಕೇಳಲಿಲ್ಲ. ಅವರ ಹೆಸರಿನಲ್ಲಿ ನಾನು ಇನ್ನೂ ಒಂದು ತುತ್ತು ಉಂಡಿಲ್ಲ.