ಕೆಂಪು ಗೆರೆಯ ಕೆಳಗಿನ ಎರಡು ಸಾಲು

೧೯೭೧ರ ಮೇ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಪ್ಲಿಮತ್‌ನ ನಮ್ಮ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಮೂವರಿದ್ದೆವು: ನಾನು, ಧಾರವಾಡದ ಗೆಳೆಯ, ಸ್ವಿಟ್ಜರ್ಲೆಂಡಿನಿಂದ ಬಂದು ನಮ್ಮಂತೆಯೇ ಕೆಲಸಕ್ಕಿದ್ದ ಇನ್‌ಸ್ಪೆಕ್ಟರ್. ಆತ ಯಾವ ಬಿಡಿಭಾಗವನ್ನೂ ಒಂದೇ ಅಳತೆಗೆ ಒಪ್ಪಿದವನಲ್ಲ. ಕನ್ನಡಕವನ್ನು ಹಣೆಗೇರಿಸಿ, ಮುರುಕು ಇಂಗ್ಲಿಷಿನಲ್ಲಿ, “ಇನ್ನೊಂದು ಸಲ ನೋಡೋಣ” ಎನ್ನುತ್ತಿದ್ದ.

ಪ್ರತಿ ಸೋಮವಾರ ಒಂದು ಕಪ್ಪು ನೋಟ್‌ಬುಕ್ ತೆಗೆದು ಹದಿನಾಲ್ಕು ಸಾಲುಗಳಲ್ಲಿ ಅಂಕ ತಿದ್ದುತ್ತಿದ್ದ. ಹೆಸರುಗಳು ಕಾಣದಂತೆ ಅಂಗೈ ಅಡ್ಡ ಇರುತ್ತಿತ್ತು. ಕೊನೆಯ ಎರಡು ಸಾಲುಗಳಿಗೆ ಮೇಲ್ಗಡೆ ಒಂದು ಕೆಂಪು ಗೆರೆ. ನಮ್ಮ ವಿಭಾಗದಲ್ಲಿದ್ದವರೂ ಹದಿನಾಲ್ಕೇ ಜನ. ಲೇಆಫ್ ಆಗಿ ಕೆಲವರು ಕೆಲಸ ಕಳೆದುಕೊಳ್ಳುತ್ತಾರೆಂಬ ಸುದ್ದಿ ಹಬ್ಬಿತ್ತು; ಕೊನೆಗೆ ಸೇರಿದವರು ನಾವಿಬ್ಬರು.

“ನಮ್ಮನ್ನ ಬರದಾನೋ ಮಾರಾಯಾ! ಕೈ ಹೆಂಗ ಮುಚ್ಚತಾನ ನೋಡು,” ಎಂದ ಗೆಳೆಯ.

“ಸುಮ್ನಿರಯ್ಯ, ನಾನೇ ಕೇಳ್ತೀನಿ.”

ಕೇಳಿದೆ. ಆತ ನೋಟ್‌ಬುಕ್ಕನ್ನು ನಮ್ಮ ಕಡೆ ತಿರುಗಿಸಿದ. ಅಲ್ಲಿದ್ದದ್ದು ಅವನ ದೇಶದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನ ತಂಡಗಳು. ಫಲಿತಾಂಶಗಳನ್ನು ತಂಗಿ ಪತ್ರದಲ್ಲಿ ಬರೆಯುತ್ತಿದ್ದಳಂತೆ. ಪಂದ್ಯಗಳ ಋತು ಮುಗಿದಾಗ ಕೊನೆಯ ಎರಡು ತಂಡಗಳು ಕೆಳದರ್ಜೆಗೆ ಇಳಿಯುತ್ತವೆ. ಹದಿಮೂರನೆಯದು ಅವನ ಊರಿನದು.

ಗೆಳೆಯ ಜೋರಾಗಿ ನಕ್ಕ. ಆತ ನಗಲಿಲ್ಲ.

“ನಮ್ಮ ಮೂವರ ಹೆಸರೂ ಇರಬಹುದಾದ ಲೇಆಫ್ ಪಟ್ಟಿ ಆಫೀಸಿನಲ್ಲಿದೆ,” ಎಂದ. “ಅದನ್ನು ನನಗೂ ತೋರಿಸಿಲ್ಲ.”

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಗೆಳೆಯ ನಗು ನಿಲ್ಲಿಸಿ ಆಫೀಸಿನ ಗಾಜಿನ ಬಾಗಿಲ ಕಡೆ ನೋಡಿದ. ನಂತರ ಮೂವರೂ ಕೆಲಸಕ್ಕೆ ಕುಳಿತೆವು. ಮೂರೂವರೆಗೆ ಕೊನೆಯ ಶಾಫ್ಟ್ ಅಳೆದು, ಅದರ ಕಾರ್ಡಿಗೆ ಸಹಿ ಹಾಕಿ ಪೆಟ್ಟಿಗೆ ಮುಚ್ಚಿದೆವು.