ಕಬ್ಬಿಣದ ಗೂಟದಿಂದ ಐನೂರು ಹೆಜ್ಜೆ

ನನ್ನಣ್ಣ ರೇನೋ ಮೂವತ್ತೆರಡು ವರ್ಷ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿದವನು. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಅವನು ಓಡಾಡದ ರಸ್ತೆಯಿಲ್ಲ. ಒಂದು ಗೇಟಿನ ಮುಂದೆ ಮಾತ್ರ ಲಾರಿ ತಾನಾಗಿ ನಿಧಾನವಾಗುತ್ತಿತ್ತು. ಪಕ್ಕದಲ್ಲಿ ಯಾರು ಕೂತಿದ್ದರೂ ಸರಿ, "ಅಗೋ, ಆ ಕಬ್ಬಿಣದ ಗೂಟದಿಂದ ಐನೂರು ಹೆಜ್ಜೆ" ಅನ್ನುತ್ತಿದ್ದ. ನಾನಂತೂ ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅವನು ಬಾಯಿ ತೆರೆಯುವ ಮೊದಲೇ ನನಗೆ ಆಕಳಿಕೆ ಬರುತ್ತಿತ್ತು.

ಆ ಐನೂರು ಹೆಜ್ಜೆಯ ಕೊನೆಯಲ್ಲಿ ಇದ್ದದ್ದು ಅಪ್ಪನ ಬೇಟೆಯ ಕ್ಯಾಂಪು. ಒಂದೇ ಕೋಣೆ, ನಾಲ್ಕು ಮಂಚ, ಹಿಂದೆ ಕಾದ ಕಲ್ಲಿಗೆ ನೀರು ಚೆಲ್ಲಿ, ಹಬೆಯಲ್ಲಿ ಬೆವರು ಹರಿಸಿ ಮೀಯಲು ಒಂದು ಪುಟ್ಟ ಸೌನಾ. ನೆಲ ಮಾತ್ರ ಮರ ಕಡಿದು ಮಾರುವ ಕಂಪನಿಯದು, ವರ್ಷದ ಗುತ್ತಿಗೆ. ನವೆಂಬರ್ ಹದಿನೈದು ಬಂತೆಂದರೆ ಊರಿನ ಗಂಡಸರೆಲ್ಲ ಜಿಂಕೆಯ ನೆಪದಲ್ಲಿ ಕಾಡು ಸೇರುತ್ತಿದ್ದರು, ಶಾಲೆಗೂ ರಜೆ. ಹನ್ನೆರಡು ತುಂಬಿದಾಗಿನಿಂದ ರೇನೋ ಕೂಡ ಹೊರಡುತ್ತಿದ್ದ. ಹಿಮದಲ್ಲಿ ಅಪ್ಪ ಮುಂದೆ. ಇವನು ಅಪ್ಪನ ಹೆಜ್ಜೆಗುಳಿಗಳಲ್ಲೇ ಕಾಲಿಡುತ್ತ, ಎಣಿಸುತ್ತ ಹಿಂದೆ. ನನ್ನನ್ನು ಒಂದು ಸಲವೂ ಕರೆದೊಯ್ಯಲಿಲ್ಲ. ಹೆಣ್ಣುಮಕ್ಕಳು ಮಾಂಸ ತುಂಬಿದ ಕಡುಬಿನಂಥ ಪ್ಯಾಸ್ಟಿ ಬೇಯಿಸಿ, ಬುತ್ತಿ ಕಟ್ಟಿ, ಬಾಗಿಲಲ್ಲಿ ಕಾಯಬೇಕು. ಕಾದೆ. ಆ ಹೊಟ್ಟೆಯುರಿ ಇವತ್ತಿಗೂ ಇದೆ, ಮುಚ್ಚಿಡುವುದೇನು?

ರೇನೋಗೆ ಹದಿನೇಳಾದಾಗ ಕಂಪನಿ ಆ ಕಾಡನ್ನು ತುಂಡು ಮಾಡಿ ಮಾರಿತು. ಅಪ್ಪ ಕ್ಯಾಂಪನ್ನು ತಾವೇ ಬಿಚ್ಚಿ, ಹಲಗೆಗಳನ್ನು ಮನೆಗೆ ತಂದು ಒಲೆಗೆ ಹಾಕಿದರು. ಸೌನಾದ ಒಲೆಗಲ್ಲುಗಳು ಅಲ್ಲೇ ಉಳಿದವು. "ಇನ್ನು ಅದು ಬೇರೆಯವರ ನೆಲ. ನೀನು ಕಾಲಿಡ್ಬೇಡ" ಎಂದು ಮಗನಿಗೆ ಹೇಳಿದರು. ರೇನೋ ಇಡಲಿಲ್ಲ. ಮರುವರ್ಷವೇ ಅಪ್ಪ ತೀರಿಕೊಂಡ ಮೇಲೂ ಇಡಲಿಲ್ಲ.

ಹೋದ ಮಾರ್ಚಿನಲ್ಲಿ ಅಲ್ಲಿ ನಲವತ್ತು ಎಕರೆ ಮಾರಾಟಕ್ಕೆ ಬಂತು. ನಕ್ಷೆ ಹಿಡಿದು ರೇನೋ ನನ್ನ ಅಡುಗೆಮನೆಗೆ ನುಗ್ಗಿದ, ಬೂಟಿನ ಹಿಮವೆಲ್ಲ ನನ್ನ ನೆಲದ ಮೇಲೆ.

"ನೋಡೇ ಐಲಿ, ಗೂಟ ಇಲ್ಲಿ. ಐನೂರು ಹೆಜ್ಜೆ ಅಂದ್ರೆ ಇಲ್ಲಿಗೆ ಬಂತು. ಗಡಿ ದಾಟಿ ಮೂವತ್ತು ಹೆಜ್ಜೆ ಒಳಗೇ ಬೀಳುತ್ತೆ!"

"ಹಿಮ ಕರಗ್ಲಿ ಕಣೋ. ಕಣ್ಣಾರೆ ನೋಡಿ ತಗೋ."

"ಕರಗೋಷ್ಟರಲ್ಲಿ ದೊಡ್ಡ ಸೇತುವೆ ಆಚೆ ಪಟ್ಟಣದಿಂದ ಯಾವನೋ ದುಡ್ಡಿನವನು ಬಂದು ಕೂತಿರ್ತಾನೆ. ನನ್ನ ಕಾಲೇನು ಸುಳ್ಳು ಹೇಳುತ್ತಾ?"

"ಸರಿ, ಈ ಕ್ಯಾಂಪಿಗಾದ್ರೂ ಹೆಂಗಸ್ರನ್ನ ಸೇರಿಸ್ತೀಯೋ?"

"ಪ್ಯಾಸ್ಟಿ ತಂದ್ರೆ ಯೋಚ್ನೆ ಮಾಡೋಣ" ಎಂದು ನಕ್ಕ. ಆಮೇಲೆ ನಕ್ಷೆಯನ್ನು ಕೈಯಿಂದ ಸವರುತ್ತ, "ಅಪ್ಪನ ಕಲ್ಲಿನ ಮೇಲೆ ಇನ್ನೊಂದ್ಸಲ ನೀರು ಚೆಲ್ಬೇಕು ಕಣೇ. ಆ ಹಬೇಲಿ ಮಕ್ಳು ಮೊಮ್ಮಕ್ಳನ್ನ ಕೂರಿಸ್ಕೋಬೇಕು. ನಂಗೆ ಬೇರೇನೂ ಬೇಡ" ಅಂದ. ದೋಣಿ ಮಾರಿದ, ನಿವೃತ್ತಿಯ ದುಡ್ಡು ಬಳಿದು ಹಾಕಿದ, ಸೊಂಟದುದ್ದ ಹಿಮ ಬಿದ್ದಿರುವಾಗಲೇ ಸಹಿ ಮಾಡಿದ.

ಮೇ ತಿಂಗಳಲ್ಲಿ ಹಿಮ ಕರಗಿತು. ಇಬ್ಬರೇ ಹೋದೆವು. ಗೂಟದಿಂದ ಹೊರಟ ಹಳೆಯ ಗಾಡಿದಾರಿ ಮೊದಲು ಪಕ್ಕದವರ ಕಾಡಿನಲ್ಲಿ ಸಾಗಿ ನಮ್ಮ ಗಡಿ ಮುಟ್ಟುತ್ತದೆ. ಪಕ್ಕದವರ ನೆಲದಲ್ಲಿ ದಾರಿಯ ಮೇಲೆ ನಡೆಯಲಷ್ಟೇ ನಮಗೆ ಹಕ್ಕು. ರೇನೋ ಕೊಕ್ಕರೆಯ ಹಾಗೆ ಕಾಲು ಬೀಸುತ್ತ ಗಟ್ಟಿಯಾಗಿ ಎಣಿಸಿದ. ಸರ್ವೆಯವರು ಕಟ್ಟಿದ ಗುಲಾಬಿ ಪಟ್ಟಿ ದಾಟಿ, ಐನೂರಕ್ಕೆ ನಿಂತ. ಜರಿಗಿಡ ಮತ್ತು ಸೊಳ್ಳೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ವಾಪಸು ಬಂದು ಮತ್ತೆ ಎಣಿಸಿದ. ಮೂರನೆಯ ಸಲವೂ ಅಲ್ಲಿಗೇ ಬಂದು ನಿಂತ.

"ಯಾರೋ ಕದ್ದಿದಾರೆ" ಅಂದ.

"ಸುಟ್ಟ ಕಲ್ಲನ್ನ ಯಾವ ಪುಣ್ಯಾತ್ಮ ಕದೀತಾನೋ? ಅಲ್ಲ ರೇನೋ, ಅಪ್ಪ ಹೀಗೇ ನಡೀತಿದ್ರಾ?"

"ಇನ್ನೇನು ಮತ್ತೆ? ಬೀಸ್ಗಾಲು. ಕಾಡಿಗೆ ಬಂದ್ರೆ ಅಪ್ಪನ್ನ ಹಿಡಿಯೋಕೇ ಆಗ್ತಿರಲಿಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಹಾಗೇ ನಂಬಿದ್ದ.

"ಅಪ್ಪ ಕುಂಟ್ತಿದ್ರು ಕಣೋ" ಅಂದೆ.

ನಾವು ಹುಟ್ಟುವ ಮೊದಲೇ ತಾಮ್ರದ ಗಣಿಯಲ್ಲಿ ಅದಿರಿನ ಬಂಡಿ ಅಪ್ಪನ ಎಡಗಾಲಿನ ಮೇಲೆ ಹರಿದಿತ್ತು. ಬಾಗಿಲಲ್ಲಿ ಕಾದವಳಿಗೆ ಆ ಸದ್ದು ಮರೆಯುವುದು ಹೇಗೆ? ಮೆಟ್ಟಿಲ ಮೇಲೆ ಒಂದು ಭಾರದ ಹೆಜ್ಜೆ, ಆಮೇಲೆ ಎಳೆದುಕೊಂಡು ಬರುವ ಇನ್ನೊಂದು. ಅಪ್ಪ ಬೇಕು, ಅಪ್ಪ ಬೇಕು ಎಂದು ನಲವತ್ತೈದು ವರ್ಷ ಹಂಬಲಿಸಿ ಹಂಬಲಿಸಿ, ನನ್ನಣ್ಣ ಅಪ್ಪನ ಕಾಲನ್ನೇ ನೆಟ್ಟಗೆ ಮಾಡಿಬಿಟ್ಟಿದ್ದ.

ಗೂಟದ ಹತ್ತಿರ ಹೋಗಿ ಈ ಸಲ ನಾನು ಹೊರಟೆ. ಎಡಗಾಲು ಎಳೆಯುತ್ತ, ಬಲಗಾಲು ಊರುತ್ತ, ಗಿಡ್ಡ ಗಿಡ್ಡ ಹೆಜ್ಜೆ. ರೇನೋ ಹಿಂದೆ ಬಂದ. ಐನೂರಾದಾಗ ಗುಲಾಬಿ ಪಟ್ಟಿ ಇನ್ನೂ ಬಹಳ ಮುಂದಿತ್ತು. ದಾರಿಯಿಂದ ಹತ್ತು ಮಾರು ಆಚೆ, ಜರಿಗಿಡದ ನಡುವೆ, ಪಾಚಿ ಹಿಡಿದ ಕಲ್ಲಿನ ಗುಡ್ಡೆ. ಮೂರು ಸಲವೂ ಅದರ ಪಕ್ಕದಲ್ಲೇ ಹಾದು ಹೋಗಿದ್ದೆವು.

ರೇನೋ ದಾರಿಯ ಅಂಚಿನಲ್ಲೇ ನಿಂತ. ಕೈ ಚಾಚಿದ, ಕಾಲು ಮಾತ್ರ ಕದಲಲಿಲ್ಲ.

"ನಮ್ದಲ್ಲ ಕಣೇ. ಕಾಲಿಡ್ಬೇಡ ಅಂದಿದ್ರು."

"ಅದು ನಿಂಗೆ ಹೇಳಿದ್ದು. ನಂಗೆ ಅಪ್ಪ ಈ ಕ್ಯಾಂಪಿನ ವಿಷಯ ಯಾವತ್ತು ಏನು ಹೇಳಿದಾರೆ?"

ನಾನು ನುಗ್ಗಿದೆ. ಅರವತ್ತು ದಾಟಿದ ಮೇಲೆ, ಮೊದಲ ಸಲ ಅಪ್ಪನ ಕ್ಯಾಂಪಿಗೆ ಕಾಲಿಟ್ಟೆ. ಅಳು ಬಂತು, ಅತ್ತೆ. ಎರಡು ಕೈಗೆ ತುಂಬುವಂಥ ಒಂದು ಕಲ್ಲನ್ನು ಕಿತ್ತು ತಂದು ಅವನ ಕೈಗಿಟ್ಟೆ. ಪಾಚಿಯ ಕೆಳಗೆ ಇನ್ನೂ ಮಸಿ ಇತ್ತು.

"ನೀರು ಚೆಲ್ಲೋಕೆ ಒಂದು ಸಾಕು. ನಡಿ, ನಮ್ಮ ನೆಲಕ್ಕೆ."

ಕಾಲೆಳೆಯುವುದನ್ನು ನಿಲ್ಲಿಸಲು ಯಾಕೋ ನನಗೆ ಮನಸ್ಸಾಗಲಿಲ್ಲ. ಗಡಿಯ ಹತ್ತಿರ ತಿರುಗಿ ನೋಡಿದೆ. ಕಲ್ಲನ್ನು ಎದೆಗವಚಿಕೊಂಡು, ಕೆಸರಿನಲ್ಲಿ ಮೂಡಿದ ನನ್ನ ಹೆಜ್ಜೆಗಳಲ್ಲೇ ಕಾಲಿಡುತ್ತ, ರೇನೋ ಕುಂಟುತ್ತ ಬರುತ್ತಿದ್ದ.