ಬೆನ್ನು ತಿರುಗಿಸಿ ನಿಂತ ಗಿರಾಕಿ

ಟೈಲರ್ ಮಾಸ್ಟ್ರಿಗೆ ಕೂತಲ್ಲಿ ಕೂರಲಾಗದು. ಮೂವತ್ತೆರಡು ವರ್ಷ ಹೊಲಿಗೆ ಮಷೀನು ತುಳಿದ ಕಾಲು, ಮಷೀನಿಲ್ಲದ ಕಡೆ ನೆಲವನ್ನೇ ತುಳಿಯುತ್ತದೆ. ಮನೋಚಿಕಿತ್ಸಕಿಯ ಕೋಣೆಯ ಬೆತ್ತದ ಕುರ್ಚಿಯಲ್ಲೂ ಅಷ್ಟೇ, ಕಾಲು ತನ್ನ ಪಾಡಿಗೆ ತಾನು ಟಕಟಕ ಅನ್ನುತ್ತಿತ್ತು. ಅವರೇನು ಇಷ್ಟಪಟ್ಟು ಬಂದವರಲ್ಲ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವರಿಗೆ ಆರು ತಿಂಗಳಿಂದ ಒಂದು ಕಾಟ. ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿ ಹಾಕಿದರೆ ಎಡಭುಜದ ಹತ್ತಿರ ಬರುತ್ತಲೇ ಕೈ ಗಡಗಡ ನಡುಗಿ ನಿಂತುಬಿಡುತ್ತಿತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ "ನಿಮ್ಮ ಕೈಗೇನೂ ಆಗಿಲ್ಲ" ಎಂದಿದ್ದರು. ಕತ್ತರಿ ಹಿಡಿಯಲಾಗದ ಮೇಲೆ ತಾನಾದರೂ ಯಾರು ಎಂಬ ಹೆದರಿಕೆ ಮಾಸ್ಟ್ರನ್ನು ಹಗಲೆಲ್ಲ ಅಂಗಡಿಯ ಒಳಕ್ಕೂ ಹೊರಕ್ಕೂ ಅಲೆಸುತ್ತಿತ್ತು.

"ನಿಮ್ಮ ಓಡಾಟ ನೋಡಿ ನಂಗೇ ತಲೆ ತಿರುಗುತ್ತೆ. ಕನಸು ಕನಸು ಅಂತ ದಿನಾ ಬೆಳಿಗ್ಗೆ ನನ್ನ ಪ್ರಾಣ ತಿನ್ನೋ ಬದಲು, ಕನಸು ಕೇಳೋರ ಹತ್ರಾನೇ ಹೋಗಿ" ಎಂದು ಹೆಂಡತಿಯೇ ಅಟ್ಟಿದ್ದಳು.

ಕನಸು ಪ್ರತಿಸಲವೂ ಒಂದೇ. ಯಾರೋ ಗಿರಾಕಿ ಬೆನ್ನು ತಿರುಗಿಸಿ ನಿಂತಿದ್ದಾನೆ. ಮಾಸ್ಟ್ರು ಭುಜಕ್ಕೆ ಟೇಪು ಹಿಡಿಯುತ್ತಾರೆ. ಎಷ್ಟು ಎಳೆದರೂ ಟೇಪು ಸಾಲುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತದೆ.

"ಇದರ ಅರ್ಥ ಏನು ಅಂತ ಹೇಳ್ಬಿಡಿ ಮೇಡಂ, ಎದ್ದು ಹೋಗ್ತೀನಿ."

ಮೇಡಂ ಯೂಂಗ್ ಎಂಬ ಹಿರಿಯ ಮನೋವಿಜ್ಞಾನಿಯ ದಾರಿಯಲ್ಲಿ ಪಳಗಿದವರು. ಆ ದಾರಿಯವರಿಗೆ ಅರ್ಥ ಆಮೇಲೆ, ಮೊದಲು ಕನಸಿನ ಚಿತ್ರ ಬೇಕು. ಕನಸಲ್ಲಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಬಾರದು, ಒಳಗೆ ಕರೆದು ಕೂರಿಸಿ ಕಣ್ತುಂಬ ನೋಡಬೇಕು.

"ಅರ್ಥ ಹಾಗಿರ್ಲಿ. ಅವರ ಬೆನ್ನು ಹೇಗಿತ್ತು?"

"ಬೆನ್ನು ಬೆನ್ನಿನ ಹಾಗಿತ್ತು!"

"ಚಿತ್ರ ಬರೆದು ತೋರಿಸ್ತೀರಾ?"

"ನಾನು ಗೆರೆ ಎಳೆದ್ರೆ ಕೋಟೇ ಆಗೋದು ಮೇಡಂ."

"ಕೋಟೇ ಆಗ್ಲಿ ಬಿಡಿ. ಅವರಿಗೊಂದು ಕೋಟು ಕಾಗದದಲ್ಲಿ ಕತ್ತರಿಸಿ. ಆದ್ರೆ ಟೇಪು ಮುಟ್ಟಬೇಡಿ, ಕಣ್ಣಿಗೆ ಕಂಡಷ್ಟೇ ಸಾಕು."

ಟೇಪಿಲ್ಲದೆ ಕೋಟು! ಮಾಸ್ಟ್ರಿಗೆ ನಗುವೂ ಬಂತು, ಸಿಟ್ಟೂ ಬಂತು. ಮೂರು ದಿನ ಬ್ರೌನ್ ಪೇಪರಿನ ಸುತ್ತ ಅಂಡು ಸುಟ್ಟ ಬೆಕ್ಕಿನ ಹಾಗೆ ಸುತ್ತಿದರು. ನಾಲ್ಕನೆಯ ದಿನ ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ, ಕಣ್ಣು ಮುಚ್ಚಿ ಆ ಬೆನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕತ್ತರಿ ಹಾಕಿದರು. ಕತ್ತರಿ ಸರಸರನೆ ಓಡಿತು. ಕೈ ನಡುಗಲೇ ಇಲ್ಲ! ಆದರೆ ಎತ್ತಿ ನೋಡಿದರೆ ಎಡಭುಜ ಮುಕ್ಕಾಲು ಇಂಚು ಇಳಿದಿತ್ತು. ಇಂಥ ಎಡವಟ್ಟನ್ನು ತೋರಿಸಿ ಮಾನ ಕಳೆದುಕೊಳ್ಳುವುದುಂಟೇ? ಅಲ್ಲಿಗೊಂದು ಕಾಗದದ ಪಟ್ಟಿ ಅಂಟಿಸಿ, ಎರಡೂ ಭುಜ ಸಮ ಮಾಡಿಯೇ ತೆಗೆದುಕೊಂಡು ಹೋದರು.

ಮೇಡಂ ಬೆರಳು ನೆಟ್ಟಗೆ ಆ ಪಟ್ಟಿಯ ಮೇಲೇ ಬಿತ್ತು. "ಇದೇನು?"

"ಭುಜ ಇಳಿದಿತ್ತು, ಸರಿ ಮಾಡ್ದೆ. ಅಂಥ ಗಿರಾಕಿಗೆ ಒಳಗೊಂದು ಪ್ಯಾಡ್ ಇಟ್ಟು ಮುಚ್ಚಿಬಿಡ್ತೀವಿ. ನೋಡಿದೋರಿಗೆ ಗೊತ್ತೇ ಆಗಲ್ಲ."

"ಇವರು ಮುಚ್ಚು ಅಂತ ಕೇಳಿದ್ರಾ?"

ಮಾಸ್ಟ್ರ ಕಾಲು ತಟ್ಟನೆ ನಿಂತಿತು. ಪಟ್ಟಿ ಕಿತ್ತು, ಇಳಿದ ಭುಜವನ್ನು ಬೆರಳಿಂದ ಸವರಿದರು. ಮುಖ ಮರೆತರೂ ಅಳತೆ ಮರೆಯುವವರಲ್ಲ ಅವರು.

"ಅಯ್ಯೋ, ಇದು ನಮ್ಮಣ್ಣ" ಎಂದರು.

ಎಡಭುಜದ ಮೇಲೆ ಮಷೀನು ಹೊತ್ತು, ಮನೆಮನೆಗೆ ಹೋಗಿ ಹೊಲಿದು ತಮ್ಮನನ್ನು ಸಾಕಿದ ಅಣ್ಣ. ಕೈ ಹಿಡಿದು ಕತ್ತರಿ ಕಲಿಸಿದ ಅಣ್ಣ. ಅವನ ಕಣ್ಣು ಮಂಜಾಗಿ ಹೊಲಿಗೆ ಓರೆಯಾಗತೊಡಗಿದಾಗ ಮಾಸ್ಟ್ರು ಗಿರಾಕಿಗಳೆದುರೇ ಬಟ್ಟೆ ಕಿತ್ತುಕೊಂಡು, "ಸುಮ್ನೆ ಮೂಲೇಲಿ ಕೂತ್ಕೋ, ಅಂಗಡಿ ಹೆಸರು ಕೆಡಿಸ್ಬೇಡ" ಎಂದಿದ್ದರು. ಅಣ್ಣ ಬೆನ್ನು ತಿರುಗಿಸಿ ನಡೆದಿದ್ದ. ಎರಡು ಬಸ್ ಸ್ಟಾಪಿನಾಚೆ ಮಗಳ ಮನೆ ಸೇರಿ ನಾಲ್ಕು ವರ್ಷವಾಗಿತ್ತು. ಕೇಳಿದವರಿಗೆಲ್ಲ ಮಾಸ್ಟ್ರು "ಅಣ್ಣ ರೆಸ್ಟ್ ತಗೊಂಡಿದ್ದಾನೆ" ಎನ್ನುತ್ತಿದ್ದರು. ಅದೂ ಒಂದು ಪ್ಯಾಡೇ.

"ಈಗೇನು ಮಾಡ್ಲಿ ಮೇಡಂ?"

"ಅವರು ಕನಸಿಗೆ ಯಾಕೆ ಬಂದಿದ್ರು?"

"ಅಳತೆ ಕೊಡೋಕೆ" ಎಂದು ಮಾಸ್ಟ್ರು ಎದ್ದೇಬಿಟ್ಟರು.

ಮರುದಿನ ಬಟ್ಟೆ, ಟೇಪು, ಕತ್ತರಿ ಚೀಲಕ್ಕೆ ಹಾಕಿಕೊಂಡು ಹೋದವರು ಆ ಮನೆಯ ಗೇಟು ಎರಡು ಸಲ ದಾಟಿ ಹೋದರು. ಮೂರನೇ ಸಲಕ್ಕೆ ಅಣ್ಣನ ಮಗಳೇ ಕಂಡು, "ಚಿಕ್ಕಪ್ಪಾ, ಮನೆ ಇದೇನೇ!" ಎಂದು ಕೂಗಿದಳು. ಒಳಗೆ ಅಣ್ಣ ಕಿಟಕಿಗೆ ಮುಖ ಮಾಡಿ ಕೂತಿದ್ದ. ತಿರುಗಲಿಲ್ಲ.

"ಅಣ್ಣಾ, ಕೋಟಿಗೆ ಅಳತೆ ಬೇಕಿತ್ತು."

"ಈ ವಯಸ್ಸಲ್ಲಿ ನಂಗ್ಯಾವ ಕೋಟು?" ಎಂದ. ಆದರೂ ಎದ್ದು ನಿಂತ.

ಟೇಪು ಸಾಲಿತು. "ಎಡಗಡೆ ಮುಕ್ಕಾಲು ಇಂಚು ಇಳಿದಿದೆ. ಇದ್ದ ಹಾಗೇ ಕತ್ತರಿಸ್ತೀನಿ, ಪ್ಯಾಡ್ ಇಡಲ್ಲ. ಅವತ್ತು ನಾನು ಹಾಗನ್ನಬಾರ್ದಿತ್ತಣ್ಣ. ದೊಡ್ಡ ತಪ್ಪಾಯ್ತು."

ಅಣ್ಣ ಮತ್ತೆ ಕಿಟಕಿಯ ಹತ್ತಿರ ಹೋಗಿ ಕೂತ. ಮಾಸ್ಟ್ರು ನೆಲದಲ್ಲೇ ಬಟ್ಟೆ ಹಾಸಿದರು. ಕತ್ತರಿ ಎಡಭುಜದವರೆಗೆ ಬಂದು, ನಡುಗಿ ನಿಂತಿತು.

"ಸದ್ದು ಯಾಕೆ ನಿಂತಿತು?"

"ಇಲ್ಲಿಗೆ ಬಂದ್ರೆ ಕೈ ಬರಲ್ಲಣ್ಣ."

ಅಣ್ಣ ತಡವರಿಸುತ್ತ ಬಂದು ಪಕ್ಕದಲ್ಲಿ ಕೂತು ಆ ಕೈ ಹಿಡಿದ. ಮಣಿಕಟ್ಟು, ಮೊಣಕೈ ಸವರುತ್ತ ಭುಜಕ್ಕೆ ಬಂದ.

"ನಿಂದೂ ಇಳಿದಿದೆಯಲ್ಲೋ! ಯಾವಾಗಿಂದ?"

"ಗೊತ್ತಿಲ್ಲ. ನೀನು ಹೋದ್ಮೇಲೆ ನನ್ನ ಅಳತೆ ಯಾರು ತಗೊಂಡ್ರು?" ಎನ್ನುವಷ್ಟರಲ್ಲಿ ಮಾಸ್ಟ್ರಿಗೆ ಅಳು ಒತ್ತರಿಸಿ ಬಂತು.

"ಟೇಪು ಕೊಡಿಲ್ಲಿ. ತಿರುಗಿ ನಿಂತ್ಕೋ. ಚಿಕ್ಕೋನಿದ್ದಾಗಿನ ಹಾಗೆ ಅಲ್ಲಾಡ್ಬೇಡ."

ಮಾಸ್ಟ್ರು ಬೆನ್ನು ತಿರುಗಿಸಿ, ಅಲ್ಲಾಡದೆ ನಿಂತರು. ಅಣ್ಣ ಅಳೆದು ಮುಗಿಸಿದ ಮೇಲೆ ಮತ್ತೆ ಕೂತು ಕತ್ತರಿ ಹಿಡಿದರು. ಅದು ಎಡಭುಜ ದಾಟುವ ಸದ್ದು ಕೇಳಿ ಅಣ್ಣ "ಹ್ಞೂಂ, ಹೋಗ್ಲಿ ಮುಂದಕ್ಕೆ" ಎಂದ.